ಬೆರಳ ತುದಿಯ ಕನ್ನಡ ಮತ್ತು ಹಳೆಯ ಫ್ಲಾಪಿಗಳು

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಕಡೆಯ ಕನ್ನಡ ಮನೆಗಳಲ್ಲಿ ಒಂದು ಮಾತು ತುಂಬಾ ಸಾಮಾನ್ಯ: "ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ." ಶಾಲೆಯಲ್ಲಿ ಮರಾಠಿ, ಹಿಂದಿಗಾಗಿ ದೇವನಾಗರಿ ಕಲಿಯುತ್ತಾರೆ. ಇಂಗ್ಲಿಷ್ ಹೇಗೂ ಇದ್ದೇ ಇದೆ. ಕನ್ನಡ ಲಿಪಿ ಅಂದರೆ ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಬೋರ್ಡಿನ ಮೇಲೆ ಕಾಣುವ ಒಂದು ಚಿತ್ರ, ಅಷ್ಟೇ. ಆದರೆ ಇದೇ ಊರುಗಳಲ್ಲಿ ಬೆಳೆದ, ಕಣ್ಣು ಕಾಣದ ಒಬ್ಬ ಕನ್ನಡ ಹುಡುಗನಿಗೆ ಈ ತೊಂದರೆ ಇಲ್ಲ. ಅವನು ಶಾಲೆಯಲ್ಲಿ ಮರಾಠಿ ಬ್ರೈಲ್ ಕಲಿತಿದ್ದರೆ ಕನ್ನಡ ಬ್ರೈಲ್ ಪುಸ್ತಕವನ್ನೂ ಓದಬಲ್ಲ. ಯಾಕೆಂದರೆ ಬೆರಳಿಗೆ ಮರಾಠಿಯ 'ಕ'ವೂ ಕನ್ನಡದ 'ಕ'ವೂ ಒಂದೇ!

ಇದು ಹೇಗೆ ಸಾಧ್ಯವಾಯಿತು, ಮತ್ತು ಈ ಅನುಕೂಲವನ್ನು ಉಳಿಸಿಕೊಳ್ಳುವುದಕ್ಕೂ ಹಳೆಯ ಡಾಸ್ ಕಾಲದ ತಂತ್ರಾಂಶಗಳಿಗೂ ಏನು ಸಂಬಂಧ ಅನ್ನುವುದನ್ನು ಹೇಳುವ ಪ್ರಯತ್ನ ಇದು. ನಾನು ಇಂಜಿನಿಯರ್ ಅಲ್ಲ, ಓದಿದ್ದು ಬಿ.ಕಾಂ. ಆದ್ದರಿಂದ ತಾಂತ್ರಿಕ ವಿಷಯವನ್ನೂ ಲೆಡ್ಜರ್ ನೋಡುವವನ ಹಾಗೆಯೇ ನೋಡುತ್ತೇನೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಬಾಕಿ ಎಷ್ಟು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ರಾನ್ಸಿನ ಲೂಯಿ ಬ್ರೈಲ್ (1809-1852) ತನ್ನ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಎರಡು ಸಾಲಿನಲ್ಲಿ ಮೂರು ಮೂರು, ಒಟ್ಟು ಆರು ಚುಕ್ಕೆ. ಎಡಸಾಲಿನವು ಮೇಲಿಂದ ಕೆಳಕ್ಕೆ 1, 2, 3; ಬಲಸಾಲಿನವು 4, 5, 6. ಯಾವ ಚುಕ್ಕೆ ಉಬ್ಬಿದೆ, ಯಾವುದು ಇಲ್ಲ ಅನ್ನುವುದರ ಮೇಲೆ ಖಾಲಿ ಜಾಗವೂ ಸೇರಿ 64 ರೂಪಗಳು ಸಿಗುತ್ತವೆ. ನಮ್ಮ ದೇಶದಲ್ಲಿ ಅಂಧರ ಮೊದಲ ಶಾಲೆ ಶುರುವಾದದ್ದು ಅಮೃತಸರದಲ್ಲಿ, 1887ರಲ್ಲಿ. ಮುಂಬಯಿಯಲ್ಲಿ ದಾದರಿನ ಅಮೆರಿಕನ್ ಮಿಷನ್ ಶಾಲೆ 1900ರಲ್ಲಿ, ತಾಡದೇವದ ವಿಕ್ಟೋರಿಯಾ ಮೆಮೋರಿಯಲ್ ಶಾಲೆ 1902ರಲ್ಲಿ ಬಂದವು. ಇವೆರಡರ ನಡುವೆ 1901ರಲ್ಲಿ ನಮ್ಮ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಗಿತ್ತು.

ತೊಂದರೆ ಏನಾಯಿತೆಂದರೆ, ಆಗ ಒಬ್ಬೊಬ್ಬರು ಒಂದೊಂದು ಬ್ರೈಲ್ ಕಟ್ಟಿಕೊಂಡರು. ಒಂದೇ ಭಾಷೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ಚುಕ್ಕೆಗಳು. ಒಂದು ಊರಿನಲ್ಲಿ ಓದಲು ಕಲಿತವನು ಇನ್ನೊಂದು ಊರಿಗೆ ಹೋದರೆ ಮತ್ತೆ ಅನಕ್ಷರಸ್ಥ. ಸ್ವಾತಂತ್ರ್ಯ ಬಂದ ಮೇಲೆ ಯುನೆಸ್ಕೋ ಮುಂದಾಗಿ, 1951ರಲ್ಲಿ ಬೈರೂತಿನಲ್ಲಿ ಸಭೆ ನಡೆದು, ಭಾರತದ ಎಲ್ಲಾ ಭಾಷೆಗಳಿಗೂ ಹೊಂದುವ ಒಂದೇ ಸಂಕೇತ ಗಟ್ಟಿಯಾಯಿತು. ಅದೇ ಭಾರತಿ ಬ್ರೈಲ್. ಮರುವರ್ಷ, 1952ರಲ್ಲಿ, ಮುಂಬಯಿಯಲ್ಲಿ ನ್ಯಾಷನಲ್ ಅಸೋಸಿಯೇಶನ್ ಫಾರ್ ದಿ ಬ್ಲೈಂಡ್ ಸ್ಥಾಪನೆಯಾಯಿತು.

ಭಾರತಿ ಬ್ರೈಲ್‌ನ ಜಾಣತನ ಇರುವುದು ಇಲ್ಲಿ. ಲಿಪಿಯ ಆಕಾರ ನೋಡದೆ ಅಕ್ಷರದ ಉಚ್ಚಾರಕ್ಕೆ ಚುಕ್ಕೆ ಕೊಟ್ಟರು. 'ಕ' ಅಂದರೆ 1-3. ಅದು ಕನ್ನಡವಿರಲಿ, ಮರಾಠಿಯಿರಲಿ, ಬಂಗಾಳಿಯಿರಲಿ. 'ಮ' ಅಂದರೆ 1-3-4. ಸಾಧ್ಯವಾದ ಕಡೆ ಇಂಗ್ಲಿಷ್ ಬ್ರೈಲ್‌ಗೂ ಹೊಂದಿಸಿದರು. ಇಂಗ್ಲಿಷಿನ ಕೆ ಮತ್ತು ಎಂ ಚುಕ್ಕೆಗಳೂ ಅವೇ. ಹಿಂದಿ, ಮರಾಠಿಗೆ ಬೇಡದ ನಮ್ಮ ಹ್ರಸ್ವ ಎ, ಹ್ರಸ್ವ ಒ ಅಕ್ಷರಗಳಿಗೆ ಮಾತ್ರ ಬೇರೆ ಚುಕ್ಕೆ ಬೇಕಾಯಿತು. ನಮ್ಮ 'ಳ' ಮರಾಠಿಯಲ್ಲೂ ಇರುವುದರಿಂದ ಅದಕ್ಕೇನೂ ತೊಂದರೆ ಇಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ನಂಬಿದ್ದಲ್ಲ. ನನಗೆ ಪರಿಚಯದ ಒಬ್ಬರು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹುಟ್ಟಿದಾಗಿನಿಂದ ದೃಷ್ಟಿ ಇಲ್ಲ. ಕಲ್ಯಾಣದ ಕನ್ನಡ ಮನೆ, ಓದಿದ್ದೆಲ್ಲಾ ಮರಾಠಿಯಲ್ಲಿ. ಒಮ್ಮೆ ಬೆಂಗಳೂರಿನಿಂದ ಯಾರೋ ತಂದ ಕನ್ನಡ ಬ್ರೈಲ್ ಹಾಳೆಯೊಂದನ್ನು ಅವರ ಕೈಗೆ ಕೊಟ್ಟೆವು. ಬೆರಳು ಆಡಿಸುತ್ತಾ ನಿಧಾನವಾಗಿ, ಜೋರಾಗಿ ಓದಿದರು. "ಎಲ್ಲಿ", "ಒಂದು" ಎಂಬಲ್ಲಿ ತಡವರಿಸಿದರು, ಆ ಚುಕ್ಕೆ ಹೊಸದು. ಎರಡನೇ ಪ್ಯಾರಾ ಹೊತ್ತಿಗೆ ಅದೂ ಸರಿಹೋಯಿತು. ಓದಿ ಮುಗಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇನ್ನೊಂದು ಹಾಳೆ ಇದೆಯಾ ಸರ್?" ಇರಲಿಲ್ಲ.

ಬ್ರೈಲ್ ಪುಸ್ತಕ ಮಾಡುವುದು ಸುಲಭದ ಕೆಲಸವಲ್ಲ. ಸ್ಲೇಟು, ಮೊನೆ ಹಿಡಿದು ಒಂದೊಂದೇ ಚುಕ್ಕೆ ಚುಚ್ಚಬೇಕು. ಅಥವಾ 1951ರಲ್ಲಿ ಬಂದ ಪರ್ಕಿನ್ಸ್ ಬ್ರೈಲರ್ ಯಂತ್ರದಲ್ಲಿ ಟೈಪ್ ಮಾಡಬೇಕು. ಇದನ್ನು ಕಂಪ್ಯೂಟರಿಗೆ ಒಪ್ಪಿಸುವ ಪ್ರಯತ್ನ ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲೇ ಐಬಿಎಂ 704 ಯಂತ್ರದ ಮೇಲೆ ಶುರುವಾಯಿತು. 1970ರ ದಶಕದ ಆರಂಭದಲ್ಲಿ ಡಾಟ್‌ಸಿಸ್-3 ಎಂಬ ತಂತ್ರಾಂಶ ಬಂತು. ಬ್ಯಾಂಕಿನವರಿಗೆ ಖುಷಿ ಕೊಡುವ ವಿಷಯ ಏನೆಂದರೆ, ಅದನ್ನು ಬರೆದದ್ದು ಕೋಬಾಲ್ ಭಾಷೆಯಲ್ಲಿ! ನಮ್ಮ ಬಡ್ಡಿ ಲೆಕ್ಕ ಹಾಕಿದ ಅದೇ ಕೋಬಾಲ್. ಯಾವ ಕಂಪನಿಯ ಕಂಪ್ಯೂಟರ್ ಆದರೂ ಓಡಲಿ ಎಂಬುದು ಉದ್ದೇಶ. ಅದನ್ನು ಬರೆದವರಲ್ಲಿ ಒಬ್ಬರಾದ ಜೋ ಸುಲಿವನ್, ಬಾಬ್ ಗಿಲ್ಡಿಯಾ ಎಂಬುವರ ಜೊತೆ ಸೇರಿ 1975ರಲ್ಲಿ ಡಕ್ಸ್‌ಬರಿ ಸಿಸ್ಟಮ್ಸ್ ಕಂಪನಿ ಕಟ್ಟಿದರು. ಆ ಕಂಪನಿಯ ತಂತ್ರಾಂಶದಲ್ಲಿ ಮುಂದೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳು ಬಂದವು.

ಇಂಗ್ಲಿಷಿಗೆ ಇಷ್ಟೆಲ್ಲಾ ಸಾಹಸ ಯಾಕೆ ಅಂದರೆ, ಇಂಗ್ಲಿಷ್ ಬ್ರೈಲ್‌ನಲ್ಲಿ ಜಾಗ ಉಳಿಸಲು ಸಂಕ್ಷೇಪ ರೂಪಗಳಿವೆ. 'ದಿ', 'ಅಂಡ್', 'ಫಾರ್', 'ವಿತ್' ಇಂಥ ಪದಗಳಿಗೆ ಒಂದೊಂದೇ ಚುಕ್ಕೆಮನೆ. ಬೇರೆ ಪದಗಳ ಒಳಗೆ ಅದೇ ಅಕ್ಷರಗಳು ಬಂದರೂ ಆ ರೂಪ ಬಳಸಬಹುದು, ಆದರೆ ಎಲ್ಲಾ ಕಡೆ ಅಲ್ಲ. 'ಸ್ವೀಟ್‌ಹಾರ್ಟ್' ಎಂಬ ಪದದ ಮಧ್ಯದಲ್ಲಿ ಟಿ-ಹೆಚ್-ಇ ಅಕ್ಷರಗಳು ಒಟ್ಟಿಗೆ ಬರುತ್ತವೆ. ಆದರೆ ಟಿ ಒಂದು ಪದದ್ದು, ಹೆಚ್-ಇ ಇನ್ನೊಂದರದ್ದು. ಅಲ್ಲಿ ಸಂಕ್ಷೇಪ ಕೂಡದು. ಇಂಥ ನೂರಾರು ಅಪವಾದಗಳ ಪಟ್ಟಿಯನ್ನು ತಂತ್ರಾಂಶದ ಒಳಗೆ ತುಂಬಬೇಕು. ತಂತ್ರಾಂಶದ ಬೆಲೆ ಇರುವುದೇ ಈ ಪಟ್ಟಿಯಲ್ಲಿ.

ಆಮೇಲೆ ಪರ್ಸನಲ್ ಕಂಪ್ಯೂಟರ್ ಬಂತು. ಕ್ಯಾರಿನ್ ನೇವಿ ಎಂಬ ಅಂಧ ಗಣಿತಜ್ಞೆ 1981ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಟೋಪಾಲಜಿಯಲ್ಲಿ ಡಾಕ್ಟರೇಟ್ ಪಡೆದರು. ಅವರ ಪತಿ ಡೇವಿಡ್ ಹಾಲಡೇ ಹೆಂಡತಿಯ ಕೆಲಸಕ್ಕೆಂದು ಆ್ಯಪಲ್-2 ಕಂಪ್ಯೂಟರಿಗೆ ಬ್ರೈಲ್-ಎಡಿಟ್ ಎಂಬ ತಂತ್ರಾಂಶ ಬರೆದರು. ಅದರಿಂದ ರೈಸ್ಡ್ ಡಾಟ್ ಕಂಪ್ಯೂಟಿಂಗ್ ಎಂಬ ಚಿಕ್ಕ ಕಂಪನಿ ಹುಟ್ಟಿತು. ಬ್ರೈಲ್-ಎಡಿಟ್ ಮುಂದೆ ಬೆಕ್ಸ್ ಆಯಿತು, ಡಾಸ್ ಕಾಲದಲ್ಲಿ 1992ರಲ್ಲಿ ಮೆಗಾಡಾಟ್ಸ್ ಬಂತು. ಅಮೆರಿಕದ ನ್ಯಾಷನಲ್ ಫೆಡರೇಶನ್ ಆಫ್ ದಿ ಬ್ಲೈಂಡ್ ತನ್ನದೇ ಎನ್‌ಎಫ್‌ಬಿಟ್ರಾನ್ಸ್ ತಂತ್ರಾಂಶವನ್ನು ಉಚಿತವಾಗಿ ಹಂಚಿತು. ನಮ್ಮಲ್ಲಿ ಐಐಟಿ ಮದ್ರಾಸಿನ ಪ್ರಯೋಗಾಲಯವೊಂದು ಭಾರತೀಯ ಭಾಷೆಗಳ ಎಡಿಟರ್ ಮಾಡಿ, ಅದಕ್ಕೆ ಬ್ರೈಲ್ ಮತ್ತು ಧ್ವನಿ ಎರಡನ್ನೂ ಜೋಡಿಸಿತ್ತು. ಗುಣಿತ, ಒತ್ತು ಸಮೇತ ಒಂದು ಪೂರ್ತಿ ಅಕ್ಷರಕ್ಕೆ ಎರಡು ಬೈಟಿನ ಒಂದು ಸಂಕೇತ, ಇದು ಅವರ ದಾರಿ. ಒಳ್ಳೆಯ ದಾರಿಯೇ. ಆದರೆ ಆ ಸಂಕೇತದಲ್ಲಿ ಉಳಿಸಿದ ಫೈಲನ್ನು ಬೇರೆ ಯಾವ ತಂತ್ರಾಂಶವೂ ನೇರವಾಗಿ ಓದುವುದಿಲ್ಲ.

ಕನ್ನಡಕ್ಕೆ ಬಂದರೆ ಲೆಕ್ಕ ಬೇರೆ. ನಮ್ಮಲ್ಲಿ ಸಂಕ್ಷೇಪದ ಗೋಜಿಲ್ಲ. ಅಕ್ಷರಕ್ಕೆ ಅಕ್ಷರ ಇಳಿಸಿದರಾಯಿತು. ಆದರೆ ಒಂದು ತಿರುವು ಇದೆ. 'ಕನ್ನಡ' ಅನ್ನುವ ಪದವನ್ನೇ ತೆಗೆದುಕೊಳ್ಳಿ. ಅಚ್ಚಿನಲ್ಲಿ ಕ, ನ, ಅದರ ಕೆಳಗೆ ನ ಒತ್ತು, ಡ. ಬ್ರೈಲ್‌ನಲ್ಲಿ ಒತ್ತು ಎಂಬುದೇ ಇಲ್ಲ. ಒತ್ತಕ್ಷರಕ್ಕೆ ಮೊದಲೇ ಹಲಂತದ ಗುರುತಾಗಿ 4ನೇ ಚುಕ್ಕೆ ಒಂದನ್ನೇ ಇಡುತ್ತಾರೆ. ಆದ್ದರಿಂದ 'ಕನ್ನಡ' ಅಂದರೆ ಐದು ಮನೆ: 1-3, 4, 1-3-4-5, 1-3-4-5, 1-2-4-6. ಕಂಪ್ಯೂಟರಿನಲ್ಲಿ ಹಲಂತ ವ್ಯಂಜನದ ನಂತರ ಬರುತ್ತದೆ, ಬೆರಳಿಗೆ ಅದು ಮುಂಚೆ ಬರಬೇಕು. ಮುಂದೆ ಒತ್ತಕ್ಷರ ಬರುತ್ತಿದೆ ಅಂತ ಓದುವವನಿಗೆ ಮೊದಲೇ ಸೂಚನೆ ಕೊಟ್ಟ ಹಾಗೆ.

ಇಲ್ಲಿ ನಮ್ಮ ಹಳೆಯ ಫಾಂಟುಗಳು ತೊಡಕಾದವು. ಶ್ರೀಲಿಪಿ, ಬರಹ, ನುಡಿ ಇವುಗಳ ಮೂಲ ಫಾಂಟುಗಳಲ್ಲಿ ಉಳಿಸಿದ್ದು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು. ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕಿತ್ತು. 'ಅರ್ಕ' ಎಂದು ಬರೆದರೆ ಅರ್ಕಾವೊತ್ತು 'ಕ'ದ ಆಚೆ ಕೂರುತ್ತದೆ. ಬ್ರೈಲ್‌ಗೆ ಅದನ್ನು ಎತ್ತಿ 'ಕ'ದ ಮುಂದಕ್ಕೆ ತರಬೇಕು. ಪ್ರತಿ ಫಾಂಟಿಗೂ ಬೇರೆ ಬೇರೆ ಪಟ್ಟಿ. ಇದಕ್ಕೆ ಪರಿಹಾರ ಬಂದದ್ದು ಎರಡು ಹೆಜ್ಜೆಯಲ್ಲಿ. ಮೊದಲು ಇಸ್ಕಿ ಎಂಬ ಭಾರತೀಯ ಮಾನಕ, ಭಾರತಿ ಬ್ರೈಲ್‌ನ ತತ್ವದ ಮೇಲೆಯೇ: ಎಲ್ಲಾ ಲಿಪಿಗಳ 'ಕ'ಕ್ಕೂ ಒಂದೇ ಸಂಖ್ಯೆ. ಆಮೇಲೆ 1991ರ ಯುನಿಕೋಡ್. ಅದು 1988ರ ಇಸ್ಕಿಯ ಜೋಡಣೆಯನ್ನೇ ಇಟ್ಟುಕೊಂಡು ಪ್ರತಿ ಲಿಪಿಗೂ ಬೇರೆ ಕೋಣೆ ಕೊಟ್ಟಿತು. ಯುನಿಕೋಡಿನಲ್ಲಿ ಕನ್ನಡ 'ಕ' 3221, ದೇವನಾಗರಿ 'ಕ' 2325. ವ್ಯತ್ಯಾಸ 896. ಕನ್ನಡ 'ಮ' 3246, ದೇವನಾಗರಿ 'ಮ' 2350. ವ್ಯತ್ಯಾಸ ಮತ್ತೆ 896! ಎರಡು ಲೆಡ್ಜರ್ ಟ್ಯಾಲಿ ಆದಾಗ ಆಗುವ ಸಂತೋಷ ನನಗೆ ಇಲ್ಲಿ ಆಯಿತು. 1951ರಲ್ಲಿ ಅಂಧರ ಬೆರಳಿಗಾಗಿ ಮಾಡಿದ ಯೋಚನೆಯೇ ನಲವತ್ತು ವರ್ಷದ ಮೇಲೆ ಕಂಪ್ಯೂಟರಿಗೂ ಬೇಕಾಯಿತು ನೋಡಿ.

ಈಗ ಎಮ್ಯುಲೇಟರ್ ವಿಷಯ. ಹಳೆಯ ಡಾಸ್ ತಂತ್ರಾಂಶಗಳು 16 ಬಿಟ್‌ನವು. 64 ಬಿಟ್ ವಿಂಡೋಸ್ ಅವನ್ನು ಓಡಿಸುವುದಿಲ್ಲ, 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಹೊಸ ಕಂಪ್ಯೂಟರಿನ ಒಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕುವ ಒಂದು ತಂತ್ರಾಂಶ ಬೇಕು. ಅದೇ ಎಮ್ಯುಲೇಟರ್. 2002ರಲ್ಲಿ ಬಂದ ಡಾಸ್‌ಬಾಕ್ಸ್ ಇವುಗಳಲ್ಲಿ ಪ್ರಸಿದ್ಧ. ಮಾಡಿದ್ದು ಹಳೆಯ ಆಟಗಳನ್ನು ಆಡಲಿಕ್ಕೆ, ಆದರೆ ಕೆಲಸದ ತಂತ್ರಾಂಶಗಳೂ ಓಡುತ್ತವೆ. ನಮ್ಮ ಒಂದು ಫೋಲ್ಡರನ್ನು ಸಿ ಡ್ರೈವ್ ಅಂತ ಅದಕ್ಕೆ ನಂಬಿಸಿದರೆ ಆಯಿತು.

ಒಂದು ಭಾನುವಾರ ಡೊಂಬಿವಲಿಯ ಮನೆಯಲ್ಲಿ ಕೂತು ಎನ್‌ಎಫ್‌ಬಿಟ್ರಾನ್ಸ್ ಓಡಿಸಿ ನೋಡಿದೆ. ಒಂದು ಇಂಗ್ಲಿಷ್ ಪ್ಯಾರಾ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಬ್ರೈಲ್ ಫೈಲ್ ತಯಾರು. ತೆರೆದು ನೋಡಿದರೆ ಚುಕ್ಕೆಗಳಿಲ್ಲ, ಮಾಮೂಲಿ ಕೀಬೋರ್ಡ್ ಚಿಹ್ನೆಗಳು! 'ದಿ' ಇದ್ದ ಕಡೆ ಆಶ್ಚರ್ಯಸೂಚಕ, 'ಫಾರ್' ಇದ್ದ ಕಡೆ ಸಮ ಚಿಹ್ನೆ, 'ವಿತ್' ಇದ್ದ ಕಡೆ ಮುಚ್ಚುವ ಆವರಣ. 64 ಚುಕ್ಕೆರೂಪಗಳಿಗೆ 64 ಕೀಬೋರ್ಡ್ ಚಿಹ್ನೆಗಳನ್ನು ಗೊತ್ತುಮಾಡಿದ ಈ ಪದ್ಧತಿಗೆ ಬ್ರೈಲ್ ಆಸ್ಕಿ ಎಂದು ಹೆಸರು, ಇಂಥ ಫೈಲಿಗೆ ಬಿಆರ್‌ಎಫ್ ಎಂದು ಹೆಸರು. ಬ್ರೈಲ್ ಮುದ್ರಿಸುವ ಎಂಬಾಸರ್ ಯಂತ್ರ ಇದನ್ನು ಓದಿ ಕಾಗದದ ಮೇಲೆ ಚುಕ್ಕೆ ಉಬ್ಬಿಸುತ್ತದೆ.

ಚುಕ್ಕೆಗೆ ಭಾಷೆ ಗೊತ್ತಿಲ್ಲ. ಇಂಗ್ಲಿಷಿನ 'ವಿತ್' ಚುಕ್ಕೆಗಳು ಕನ್ನಡ ಬೆರಳಿಗೆ 'ಟ', 'ದಿ' ಎಂಬುದು 'ಧ', 'ಫಾರ್' ಎಂಬುದು 'ಢ'. ನಮ್ಮ 'ಕನ್ನಡ' ಪದವನ್ನು ಬಿಆರ್‌ಎಫ್ ಫೈಲಿನಲ್ಲಿ ಬರೆದರೆ ಹೀಗಿರುತ್ತದೆ: ಕೆ, ಅಟ್ ಚಿಹ್ನೆ, ಎನ್, ಎನ್, ಡಾಲರ್ ಚಿಹ್ನೆ. 'ಡ'ಕ್ಕೆ ಡಾಲರ್! ಬ್ಯಾಂಕಿನವನಿಗೆ ಇದು ಮರೆಯುವ ಮಾತೇ ಅಲ್ಲ.

ಈ ಕಸರತ್ತಿನಲ್ಲಿ ಕಂಡದ್ದು ಎರಡು ವಿಷಯ. ಮೊದಲನೆಯದು ಬೇಸರದ್ದು. ಡಾಸ್‌ಬಾಕ್ಸ್‌ನ ಕಿಟಕಿ ನಿಜವಾಗಿ ಒಂದು ಚಿತ್ರ. ಅದರಲ್ಲಿ ಕಾಣುವ ಅಕ್ಷರಗಳನ್ನು ಇಂದಿನ ಸ್ಕ್ರೀನ್ ರೀಡರ್‌ಗಳು ಓದಿ ಹೇಳಲಾರವು. ಆ ಕಾಲದ ಅಂಧ ಬಳಕೆದಾರರು ಸೀರಿಯಲ್ ಪೋರ್ಟಿಗೆ ಧ್ವನಿಯ ಪೆಟ್ಟಿಗೆ ಜೋಡಿಸಿ ಡಾಸ್ ಬಳಸುತ್ತಿದ್ದರು. ಆ ಪೆಟ್ಟಿಗೆಯಿಲ್ಲದೆ ಎಮ್ಯುಲೇಟರಿನಲ್ಲಿ ಉಳಿಯುವುದು ಪರದೆಯ ಚಿತ್ರ ಮಾತ್ರ. ಅಂಧರಿಗಾಗಿ, ಎಷ್ಟೋ ಸಲ ಅಂಧರ ಜೊತೆ ಕೂತು ಮಾಡಿದ ತಂತ್ರಾಂಶ ಈಗ ಕಣ್ಣಿದ್ದವರ ಮುಂದೆ ಮಾತ್ರ ಸರಾಗವಾಗಿ ಓಡುತ್ತದೆ. ಇದನ್ನು ಉಳಿಸಿಕೊಂಡಿದ್ದೇವೆ ಅಂತ ಹೇಗೆ ಹೇಳೋಣ?

ಎರಡನೆಯದು ಸಮಾಧಾನದ್ದು. ಬಿಆರ್‌ಎಫ್ ಫೈಲಿಗೆ ಎಮ್ಯುಲೇಟರ್ ಬೇಕಿಲ್ಲ. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ, ಇಂದಿನ ಎಂಬಾಸರಿನಲ್ಲೂ ಮುದ್ರಣವಾಗುತ್ತದೆ. ಸಾಮಾನ್ಯ ಬ್ರೈಲ್ ಪುಟವೊಂದರಲ್ಲಿ ಸಾಲಿಗೆ 40 ಮನೆ, 25 ಸಾಲು. ಅಂದರೆ ಪುಟಕ್ಕೆ 1,000 ಮನೆ, ಹೆಚ್ಚುಕಡಿಮೆ 1,000 ಬೈಟ್. ಹಾಗಾದರೆ 1.44 ಎಂಬಿಯ ಒಂದು ಫ್ಲಾಪಿಯಲ್ಲಿ ಸುಮಾರು 1,400 ಬ್ರೈಲ್ ಪುಟ ಹಿಡಿಸುತ್ತದೆ. ಯಾವುದಾದರೂ ಶಾಲೆಯ, ಸಂಸ್ಥೆಯ ಬೀರುವಿನಲ್ಲಿ ಇಂಥ ಹತ್ತು ಫ್ಲಾಪಿ ಇದ್ದರೆ ಅದೊಂದು ಚಿಕ್ಕ ಗ್ರಂಥಾಲಯ. ಎಮ್ಯುಲೇಟರಿನ ನಿಜವಾದ ಉಪಯೋಗ ಬರುವುದು ಆ ಫ್ಲಾಪಿಯಲ್ಲಿ ಬಿಆರ್‌ಎಫ್ ಇಲ್ಲದೆ, ಆಯಾ ತಂತ್ರಾಂಶದ ಸ್ವಂತ ಫೈಲ್ ಮಾತ್ರ ಇದ್ದಾಗ. ಆಗ ಹಳೆಯ ತಂತ್ರಾಂಶವನ್ನು ಎಮ್ಯುಲೇಟರಿನಲ್ಲಿ ಎಬ್ಬಿಸಿ, "ಪ್ರಿಂಟರಿಗೆ ಕಳಿಸಬೇಡ, ಫೈಲಿಗೆ ಬರೆ" ಅಂತ ಹೇಳಿ ಬಿಆರ್‌ಎಫ್ ಹೊರತೆಗೆಯಬೇಕು. ಒಂದು ಸಲ ದಾಟುವ ಸೇತುವೆ ಅದು, ಅದರ ಮೇಲೆ ಮನೆ ಕಟ್ಟಬಾರದು.

ಬ್ಯಾಂಕಿನಲ್ಲಿ ಈ ಕೆಲಸ ನಾವು ಮಾಡಿದ್ದೇವೆ. 1984ರ ರಂಗರಾಜನ್ ಸಮಿತಿ ವರದಿಯ ನಂತರ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಆಮೇಲೆ ಪೂರ್ತಿ ಕಂಪ್ಯೂಟರೀಕರಣ, ಆಮೇಲೆ ಕೋರ್ ಬ್ಯಾಂಕಿಂಗ್. ಪ್ರತಿ ಸಲವೂ ಒಂದೊಂದು ಖಾತೆಯ ಬಾಕಿಯನ್ನು ಹೊಸ ವ್ಯವಸ್ಥೆಗೆ ದಾಟಿಸಿದೆವು. ರಾತ್ರಿಯೆಲ್ಲಾ ಕೂತು ಟ್ಯಾಲಿ ಮಾಡಿದೆವು. ನಾವು ಮಹಾ ಕರ್ತವ್ಯನಿಷ್ಠರು ಎಂದೇನಲ್ಲ. ಒಂದು ರೂಪಾಯಿ ತಪ್ಪಿದರೂ ಬೆಳಿಗ್ಗೆ ಕೌಂಟರಿಗೆ ಖಾತೆದಾರರು ಬರುತ್ತಿದ್ದರು. ಬ್ರೈಲ್ ಫೈಲುಗಳಿಗೆ ಹಾಗೆ ಕೌಂಟರಿನಲ್ಲಿ ನಿಂತು ಕೇಳುವವರು ಇರಲಿಲ್ಲ. ತಂತ್ರಾಂಶ ಬದಲಾದಾಗ ಹಳೆಯ ಫ್ಲಾಪಿ ಬೀರುವಿಗೆ ಹೋಯಿತು, ಫ್ಲಾಪಿ ಡ್ರೈವ್ ಗುಜರಿಗೆ ಹೋಯಿತು. ಬಾಕಿ ಮುಂದಕ್ಕೆ ಬರಲಿಲ್ಲ.

ಈಗ ಸನ್ನಿವೇಶ ಹಿಂದಿಗಿಂತ ಚೆನ್ನಾಗಿದೆ. 2002ರಲ್ಲಿ ಶುರುವಾದ ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದಲ್ಲಿ ಬ್ರೈಲ್ ನಿಯಮಗಳು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಟ್ಟಿಗಳಾಗಿವೆ, ಕನ್ನಡದ ಪಟ್ಟಿಯೂ ಇದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಜಾನ್ ಬಾಯರ್ ಸ್ವತಃ ಅಂಧರು, ಕಿವಿಯೂ ಕೇಳುತ್ತಿರಲಿಲ್ಲ. ನಮ್ಮ ದೇಶದಲ್ಲಿ ಬಹಳ ಜನ ಬಳಸುವ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಬ್ರೈಲ್‌ಗಾಗಿ ನಂಬಿರುವುದು ಇದನ್ನೇ. ಕಾನೂನೂ ಸರಿಹೋಗಿದೆ. 2012ರ ಕಾಪಿರೈಟ್ ತಿದ್ದುಪಡಿ ಅಂಧರಿಗಾಗಿ ಪುಸ್ತಕಗಳನ್ನು ಬ್ರೈಲ್‌ಗೆ ತರಲು ಅವಕಾಶ ಕೊಟ್ಟಿತು. ಇದೇ ಉದ್ದೇಶದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಬಂತು. ತಂತ್ರಾಂಶ ಇದೆ, ಕಾನೂನು ಇದೆ, ಇಡಲು ಜಾಗ ಇದೆ. ಬೇಕಾದದ್ದು ಹಳೆಯ ಬೀರು ತೆರೆಯುವ ಕೈ.

"ಮೊಬೈಲೇ ಓದಿ ಹೇಳುತ್ತದಲ್ಲ, ಬ್ರೈಲ್ ಯಾಕೆ?" ಎಂದು ಕೇಳುವವರಿದ್ದಾರೆ. ಕಥೆ ಕೇಳಲಿಕ್ಕೆ ಅದು ಸಾಕು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕಿವಿಯಿಂದ ಕಿವಿಗೆ ಹರಿದದ್ದೂ ನಮಗೆ ಗೊತ್ತು. ಆದರೆ ಕೇಳಿದವನಿಗೆ 'ಹಳ್ಳಿ'ಯಲ್ಲಿ ಎಷ್ಟು 'ಳ' ಇದೆ ಅನ್ನುವುದು ಗೊತ್ತಾಗಲೇಬೇಕೆಂದಿಲ್ಲ. ಕಾಗುಣಿತ ತಿಳಿಯಬೇಕಾದರೆ, ಬರೆಯಬೇಕಾದರೆ, ಓದಬೇಕು. ಕಣ್ಣಿದ್ದ ನಮ್ಮ ಮಕ್ಕಳಿಗೆ ಆಡಿಯೋ ಇದೆ ಎಂದು ಅಕ್ಷರ ಕಲಿಸದೇ ಬಿಡುತ್ತೇವೆಯೇ?

ನಮ್ಮ ಡೊಂಬಿವಲಿ, ಠಾಣೆ, ಕಲ್ಯಾಣ್, ವಾಶಿಯ ಕನ್ನಡ ಸಂಘಗಳಲ್ಲಿ ಬ್ಯಾಂಕು, ಕಂಪ್ಯೂಟರ್ ಕಂಪನಿಗಳಲ್ಲಿ ದುಡಿದು ನಿವೃತ್ತರಾದವರು ಬೇಕಾದಷ್ಟು ಜನ ಇದ್ದೀರಿ. ಕೋಬಾಲ್ ಗೊತ್ತಿದ್ದವರು, ಡಾಸ್ ಕಮಾಂಡುಗಳು ಇನ್ನೂ ಬಾಯಿಪಾಠ ಇರುವವರು. ಮೂರೂವರೆ ಇಂಚಿನ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಈಗಲೂ ಸಿಗುತ್ತದೆ. ಐದೂಕಾಲು ಇಂಚಿನದಕ್ಕೆ ವಿಶೇಷ ಕಂಟ್ರೋಲರ್ ಬೇಕು, ಅದೂ ಸಿಗುತ್ತದೆ. ಫ್ಲಾಪಿಯ ಕಾಂತಪದರ ಮಾತ್ರ ನಮಗಾಗಿ ಕಾಯುವುದಿಲ್ಲ. ಅಂಧರ ಶಾಲೆಯಲ್ಲೋ ಸಂಸ್ಥೆಯಲ್ಲೋ ಹಳೆಯ ಬ್ರೈಲ್ ಫ್ಲಾಪಿ ಇರುವ ಸುಳಿವು ಸಿಕ್ಕರೆ ಮೊದಲು ಅದರ ಪೂರ್ತಿ ನಕಲು ತೆಗೆಯಿರಿ. ನಂತರ ಬಿಆರ್‌ಎಫ್ ಹೊರತೆಗೆಯಿರಿ. ಕೊನೆಗೆ ಯುನಿಕೋಡಿಗೆ ತನ್ನಿ. ಈ ಮೂರನ್ನೂ ಬೇರೆ ಬೇರೆ ಇಡಿ. ಕನ್ನಡದ್ದೇ ಆಗಬೇಕೆಂದೇನೂ ಇಲ್ಲ. ಮರಾಠಿಯ ಫೈಲ್ ಸಿಕ್ಕರೂ ಚುಕ್ಕೆ ಅದೇ, ಪಟ್ಟಿ ಅದೇ, ಕಲಿತ ಕೆಲಸ ಎರಡಕ್ಕೂ ಆಗುತ್ತದೆ.

1951ರಲ್ಲಿ ದೊಡ್ಡವರು ಕೂತು ಓದುವ ದಾರಿಯನ್ನು ಸುಲಭ ಮಾಡಿಟ್ಟು ಹೋದರು. ಕಲ್ಯಾಣದಲ್ಲಿ ಮರಾಠಿ ಬ್ರೈಲ್ ಕಲಿತ ಕನ್ನಡದ ಹುಡುಗಿಗೆ ನಾವು ಹೊಸದಾಗಿ ಲಿಪಿ ಕಲಿಸಬೇಕಾಗಿಲ್ಲ. ಅವಳ ಬೆರಳಿಗೆ ಓದು ಆಗಲೇ ಬರುತ್ತದೆ. ಕೊಡಬೇಕಾದದ್ದು ಪುಸ್ತಕ ಮಾತ್ರ.